ನಂಬಿದವರೂ ನಂಬದವರೂ

ಪಡಸಾಲೆಯಲ್ಲಿ ನಾಲ್ವರು ಕುಳಿತಿರುವಾಗ ದೇವರ ಇರವಿನ ಚರ್ಚೆಯು ತಲೆಯೆತ್ತಿದರೆ, ಮನೆಯ ಹಿರಿಯರು "ಅದೊಂದು ಬೇಡ, ಬೇರೆ ಏನಾದರೂ ಮಾತನಾಡಿರಪ್ಪ" ಎಂದು ತಡೆಯುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಈ ಎಚ್ಚರಿಕೆಯು ಅಕಾರಣವಾದುದಲ್ಲ. ಮಳೆ ಬೆಳೆಗಳ, ಮದುವೆ ಮುಂಜಿಗಳ ಮಾತಿನಲ್ಲಿ ಭಿನ್ನಾಭಿಪ್ರಾಯವು ಬಂದರೆ ತಾಂಬೂಲದೊಡನೆ ಅದು ಮುಗಿದುಹೋಗುತ್ತದೆ. ನಂಬಿಕೆಯ ಮಾತಿನಲ್ಲಿ ಬಂದ ಭಿನ್ನಾಭಿಪ್ರಾಯವಾದರೋ ಎದ್ದುಹೋದವರ ಬೆನ್ನುಹತ್ತಿ ಅವರವರ ಮನೆಗೂ ಹೋಗುತ್ತದೆ. ಆದರೂ ಮಾತನ್ನು ತಡೆದ ಮಾತ್ರಕ್ಕೆ ಸಂಶಯವು ನಿಂತುಹೋಗುವುದಿಲ್ಲ. ಓದಿದ ಮಗನು, ಓದಿದ ಮಗಳು ಅದನ್ನು ಎದೆಯೊಳಗಿಟ್ಟುಕೊಂಡೇ ಊಟಕ್ಕೆ ಕೂಡುತ್ತಾರೆ. ಹೀಗಿರುವಲ್ಲಿ, ನಂಬುವವರೂ ನಂಬದವರೂ ಒಬ್ಬರ ಮುಖವನ್ನೊಬ್ಬರು ನೋಡಿ ಮಾತನಾಡುವುದು ಸಾಧ್ಯವೇ, ಸಾಧ್ಯವಾದರೆ ಅದರಿಂದ ಏನು ಪ್ರಯೋಜನ ಎಂಬುದು ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ, ಗೃಹಸ್ಥರಿಗೂ ಸೇರಿದುದು.

ದೇವವಾಣಿಯ ಪ್ರಮಾಣವನ್ನು ಬೇಡದೆ, ಮನುಷ್ಯನ ಬುದ್ಧಿ, ಅನುಭವ, ದಯೆ ಇವುಗಳನ್ನೇ ಬಾಳಿಗೆ ಸಾಕಾದ ದೀಪವೆಂದು ಹಿಡಿಯುವವರನ್ನು ಮಾನವತಾವಾದಿಗಳೆಂದು ಕರೆಯುವ ರೂಢಿಯಿದೆ. ಹೆಸರು ಈಚಿನದು, ಅಂಥ ಮನಸ್ಸು ಬಹು ಹಳೆಯದು. ಅವರೆಲ್ಲರೂ ದೇವರಿಲ್ಲವೆನ್ನುವವರೂ ಅಲ್ಲ. ಇಸ್ಲಾಮಿನ ಶ್ರದ್ಧಾವಂತರಿಗೂ ಇಂಥವರಿಗೂ ನಡೆದ ಸಂಭಾಷಣೆಯ ಇತಿಹಾಸವು ಸಾವಿರ ವರ್ಷಗಳಿಗಿಂತ ದೀರ್ಘವಾದುದು. ಅದರಿಂದ ನಾಲ್ಕು ಪ್ರಸಂಗಗಳನ್ನು ಆರಿಸಿ ವಾಚಕರ ಮುಂದಿಡುತ್ತೇವೆ. ಯಾವ ಪಕ್ಷವು ಗೆದ್ದಿತೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಮಾತು ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಕೊನೆಗೆ ಏನು ಉಳಿಯಿತು ಎಂಬುದಷ್ಟೇ ನಮ್ಮ ವಿಷಯವು.

ಮೊದಲನೆಯ ಪ್ರಸಂಗವು ನಡೆದುದು ಪಾರಸೀಕ ದೇಶದ ರೈ ಎಂಬ ಪಟ್ಟಣದಲ್ಲಿ, ಹತ್ತನೆಯ ಶತಮಾನದ ಆದಿಭಾಗದಲ್ಲಿ. ಇಂದಿನ ತೆಹರಾನ್ ನಗರದ ಮಗ್ಗುಲಿನಲ್ಲಿಯೇ ಆ ಹಳೆಯ ಊರಿನ ನೆಲೆಯಿದೆ. ಆ ಊರಿನವರನ್ನು 'ರಾಝಿ' ಎಂದು ಕರೆಯುತ್ತಿದ್ದರು. ವಾದಿಸಿದವರಿಬ್ಬರೂ ರಾಝಿಗಳೇ. ಒಬ್ಬನು ವೈದ್ಯನಾದ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯಾ. ರೈ ಪಟ್ಟಣದಲ್ಲಿಯೂ ಬಾಗ್ದಾದಿನಲ್ಲಿಯೂ ಆಸ್ಪತ್ರೆಗಳ ಮುಖ್ಯಸ್ಥನಾಗಿದ್ದವನು. ಸಿಡುಬಿಗೂ ದಡಾರಕ್ಕೂ ಇರುವ ಭೇದವನ್ನು ಸ್ಪಷ್ಟವಾಗಿ ವಿವರಿಸಿ ಗ್ರಂಥವನ್ನು ಬರೆದವನು. ಯುರೋಪಿನ ವೈದ್ಯರು ಲ್ಯಾಟಿನ್ ಭಾಷೆಯ ಮೂಲಕ ಅವನ ಗ್ರಂಥಗಳನ್ನು ಶತಮಾನಗಳವರೆಗೆ ಅಭ್ಯಾಸಮಾಡಿದರು. ಇನ್ನೊಬ್ಬನು ಅಬೂ ಹಾತಿಮ್. ಶಿಯಾ ಪಂಥದ ಒಂದು ಶಾಖೆಯಾದ ಇಸ್ಮಾಯಿಲಿಗಳ ಮತಪ್ರಚಾರಕನು, ಶಬ್ದಶಾಸ್ತ್ರದಲ್ಲಿ ನಿಪುಣನು. ಇವರಿಬ್ಬರೂ ಸಭೆಯಲ್ಲಿ ಸೇರಿ ವಾದಿಸಿದ ವೃತ್ತಾಂತವನ್ನು ಅಬೂ ಹಾತಿಮನೇ 'ಪ್ರವಾದಿತ್ವದ ಕುರುಹುಗಳು' ಎಂಬ ಅರ್ಥದ ಹೆಸರುಳ್ಳ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ವೈದ್ಯನು ಸೃಷ್ಟಿಕರ್ತನಿದ್ದಾನೆಂದೇ ನಂಬಿದ್ದನು. ಅವನ ಪ್ರಶ್ನೆಯಿದ್ದುದು ಪ್ರವಾದಿಗಳ ವಿಷಯದಲ್ಲಿ. ದೇವರು ದಯಾಳುವೂ ಜ್ಞಾನಿಯೂ ಆಗಿರುವಾಗ, ಕೆಲವರನ್ನೇ ಆರಿಸಿ ಅವರಿಗೆ ಮಾತ್ರ ಜ್ಞಾನವನ್ನು ಕೊಟ್ಟು, ಮಿಕ್ಕವರೆಲ್ಲರೂ ಅವರನ್ನೇ ಅವಲಂಬಿಸುವಂತೆ ಏಕೆ ಮಾಡಿಯಾನು? ಹಾಗೆ ಮಾಡಿದರೆ ಒಂದೊಂದು ಪಂಗಡವೂ ತನ್ನ ಗುರುವಿನ ಹೆಸರು ಹೇಳಿ ಇನ್ನೊಂದರ ಮೇಲೆ ಬೀಳುವುದು, ರಕ್ತವು ಹರಿಯುವುದು. ಎಲ್ಲ ಮನುಷ್ಯರಿಗೂ ತಮ್ಮ ಹಿತಾಹಿತಗಳ ಜ್ಞಾನವನ್ನು ಸಮವಾಗಿ ಕೊಡುವುದೇ ದಯಾಳುವಿಗೆ ತಕ್ಕುದು ಎಂದು ಅವನ ವಾದವು.

ಇದಕ್ಕೆ ಅಬೂ ಹಾತಿಮನು ಲೋಕಾನುಭವವನ್ನೇ ಮುಂದಿಟ್ಟನು. ಲೋಕದಲ್ಲಿ ಎಲ್ಲಿಯಾದರೂ ಮನುಷ್ಯರೆಲ್ಲರೂ ಬುದ್ಧಿಯಲ್ಲಿ ಸಮರಾಗಿರುವುದನ್ನು ಕಂಡಿದ್ದೀಯಾ? ಗುರುವಿಲ್ಲದೆ ಕಲಿತವರುಂಟೇ? ನೀನೇ ಇತರರಿಗೆ ತಿಳಿಯದುದನ್ನು ತಿಳಿದವನೆಂದು ಹೇಳಿಕೊಳ್ಳುತ್ತೀಯೆ, ಜನರು ನಿನ್ನ ಬಳಿ ಕಲಿಯಲು ಬರುತ್ತಾರೆ. ಹೀಗಿರುವಾಗ ಸಮತ್ವವೆಲ್ಲಿ ಉಳಿಯಿತು ಎಂದು ಕೇಳಿದನು.

ವೈದ್ಯನ ಉತ್ತರವು ಮನನಯೋಗ್ಯವಾದುದು. ನನಗೆ ಹುಟ್ಟಿನಿಂದ ಹೆಚ್ಚಾದುದೇನೂ ದೊರೆತಿಲ್ಲ. ನಾನು ಹುಡುಕಿದೆ, ಅವರು ಹುಡುಕಲಿಲ್ಲ. ಶಾಸ್ತ್ರವನ್ನು ತಿಳಿಯದವನೆಂದು ನೀನು ಎಣಿಸುವ ಮನುಷ್ಯನು ತನ್ನ ವ್ಯಾಪಾರದಲ್ಲಿ, ತನ್ನ ಕಸುಬಿನಲ್ಲಿ ಎಷ್ಟು ಸೂಕ್ಷ್ಮಬುದ್ಧಿಯನ್ನು ತೋರಿಸುತ್ತಾನೆ ನೋಡು! ಆ ಬುದ್ಧಿಯನ್ನೇ ಇತ್ತ ತಿರುಗಿಸಿದ್ದರೆ ಅವನೂ ಇದನ್ನು ತಿಳಿಯುತ್ತಿದ್ದನು ಎಂದು ಅವನು ಹೇಳಿದನು. ಸಾವಿರ ವರ್ಷಗಳ ಹಿಂದೆ ಒಬ್ಬ ಪಂಡಿತನು ಅಂಗಡಿಯವನ ಮತ್ತು ಕುಶಲಕರ್ಮಿಯ ಬುದ್ಧಿಯನ್ನು ಇಷ್ಟು ಗೌರವದಿಂದ ಕಂಡನೆಂಬುದು ನಮಗೆ ಆಶ್ಚರ್ಯವನ್ನುಂಟುಮಾಡುತ್ತದೆ.

ಅಬೂ ಹಾತಿಮನು ಸುಮ್ಮನಾಗಲಿಲ್ಲ. ತತ್ತ್ವಜ್ಞಾನಿಗಳೇ ಒಬ್ಬರೊಡನೊಬ್ಬರು ಒಪ್ಪುವುದಿಲ್ಲವಲ್ಲ. ನೀನೂ ನಿನ್ನ ಹಿಂದಿನವರನ್ನು ಖಂಡಿಸುತ್ತೀಯೆ. ಹಾಗಾದರೆ ನಿಮ್ಮ ದಾರಿಯು ಯಾರನ್ನು ಸತ್ಯಕ್ಕೆ ಮುಟ್ಟಿಸಿತು ಎಂದು ಕೇಳಿದನು. ಹಿಂದಿನವರು ಮಾಡಿಟ್ಟುದನ್ನು ಕಲಿತು ಮುಂದಿನವನು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತಾನೆ. ಗುರಿಯನ್ನು ಮುಟ್ಟದಿದ್ದರೂ ಪ್ರಾಮಾಣಿಕವಾಗಿ ವಿಚಾರಮಾಡಿದವನು ಸತ್ಯದ ದಾರಿಯಲ್ಲಿಯೇ ಇದ್ದಾನೆ, ಆ ವಿಚಾರದಿಂದಲೇ ಆತ್ಮವು ನಿರ್ಮಲವಾಗುತ್ತದೆ ಎಂದು ವೈದ್ಯನು ಉತ್ತರಕೊಟ್ಟನು. ಇದು ಅವನ ಬಾಯಿಮಾತಿನ ವಾದವಾಗಿರಲಿಲ್ಲ. ಪ್ರಾಚೀನ ಗ್ರೀಕ್ ವೈದ್ಯನಾದ ಗ್ಯಾಲನನನ್ನು ಗುರುವೆಂದು ಪೂಜಿಸುತ್ತಲೇ, ಅವನ ಗ್ರಂಥಗಳಲ್ಲಿ ತನಗಿರುವ ಸಂಶಯಗಳನ್ನು ತಿಳಿಸಲು ಅವನೇ ಒಂದು ಗ್ರಂಥವನ್ನು ಬರೆದಿದ್ದನು. ಆಗ ಅಬೂ ಹಾತಿಮನು ಕೊನೆಯದೊಂದು ಪ್ರಶ್ನೆಯನ್ನು ಹಾಕಿದನು: ಪ್ರವಾದಿಯ ಧರ್ಮವನ್ನು ಬಿಡದೆಯೇ ಒಬ್ಬನು ವಿಚಾರಮಾಡಿದರೆ ಅವನ ಆತ್ಮವೂ ನಿರ್ಮಲವಾದೀತೇ? ಪರಂಪರೆಯ ಕಥೆಗಳಿಗೆ ಅಂಟಿಕೊಂಡವನು ವಿಚಾರಿಯೆಂದು ಹೇಗೆ ಎನ್ನಿಸಿಕೊಂಡಾನು ಎಂದು ವೈದ್ಯನು ಅದನ್ನು ತಳ್ಳಿಹಾಕಿದನು. ಎಲ್ಲರ ಬುದ್ಧಿಯನ್ನೂ ಗೌರವಿಸಿದವನು ಇಲ್ಲಿ ಮಾತ್ರ ಎದುರಿಗೆ ಕುಳಿತವನ ಬುದ್ಧಿಯನ್ನು ಗೌರವಿಸಲಾರದೆ ಹೋದನೆಂದು ನಮಗೆ ತೋರುತ್ತದೆ. ಅತ್ತ ಅಬೂ ಹಾತಿಮನ ವಾದದಲ್ಲಿಯೂ ಒಂದು ಗಂಟು ಬಿಚ್ಚದೆ ಉಳಿಯಿತು. ಗುರುವು ಬೇಕೆಂಬುದನ್ನು ಒಪ್ಪಿದರೂ, ಗುರುಗಳೆಂದು ಹೇಳಿಕೊಳ್ಳುವವರು ಹಲವರಿರುವಾಗ ಶಿಷ್ಯನು ಯಾವ ಬುದ್ಧಿಯಿಂದ ಆರಿಸಬೇಕು?

ಈ ವೃತ್ತಾಂತದಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದುಂಟು. ಪ್ರವಾದಿಗಳನ್ನು ಕುರಿತ ವೈದ್ಯನ ಗ್ರಂಥಗಳು ಉಳಿದು ಬಂದಿಲ್ಲ. ಆ ವಿಷಯದಲ್ಲಿ ಅವನ ಮಾತುಗಳು ಇಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವನ ಪ್ರತಿವಾದಿಯ ಲೇಖನಿಯಿಂದಲೇ. ಅಬೂ ಹಾತಿಮನು ಅವನ ಹೆಸರನ್ನು ಹೇಳದೆ 'ಧರ್ಮಭ್ರಷ್ಟ'ನೆಂದೇ ಕರೆಯುತ್ತಾನೆ, ಕೊನೆಯ ಮಾತನ್ನು ತನಗೇ ಇಟ್ಟುಕೊಳ್ಳುತ್ತಾನೆ; ವೈದ್ಯನು ನಿಜವಾಗಿ ಅಷ್ಟು ದೂರ ಹೋಗಿದ್ದನೇ ಎಂದು ಈಚಿನ ಕೆಲವು ಪಂಡಿತರು ಸಂದೇಹಪಟ್ಟಿರುವುದೂ ಉಂಟು. ಹಾಗಿದ್ದರೂ, ಎದುರಾಳಿಯ ವಾದವನ್ನು ಅದರ ಬಲವು ಕಾಣುವಂತೆ ಬರೆದಿಡದಿದ್ದರೆ ತನ್ನ ಉತ್ತರಕ್ಕೂ ಬೆಲೆಯಿಲ್ಲವೆಂಬುದು ಆ ಶ್ರದ್ಧಾವಂತನಿಗೆ ತಿಳಿದಿತ್ತು. ಹೀಗೆ ನಂಬದವನ ಮಾತನ್ನು ನಂಬಿದವನು ಸಾವಿರ ವರ್ಷ ಕಾಪಾಡಿದಂತಾಯಿತು.

ಎರಡನೆಯ ಪ್ರಸಂಗಕ್ಕಾಗಿ ನಾವು ಒಂಬತ್ತು ಶತಮಾನಗಳನ್ನು ದಾಟಿ ಪ್ಯಾರಿಸ್ ನಗರಕ್ಕೆ ಬರಬೇಕು. ಅಲ್ಲಿ ಅರ್ನೆಸ್ಟ್ ರೆನಾನ್ ಎಂಬ ಪ್ರಸಿದ್ಧ ಪಂಡಿತರಿದ್ದರು. ಬ್ರಿಟನಿ ಪ್ರಾಂತದಲ್ಲಿ ೧೮೨೩ರಲ್ಲಿ ಹುಟ್ಟಿ, ಪಾದ್ರಿಯಾಗಲು ಓದಿ, ಶ್ರದ್ಧೆಯು ಸಡಿಲಿದುದರಿಂದ ೧೮೪೫ರಲ್ಲಿ ಆ ವಿದ್ಯಾಲಯವನ್ನು ಬಿಟ್ಟು ಹೊರಬಂದವರು. ಆಗ ಅವರ ಕೈಹಿಡಿದು ಹಣದ ಸಹಾಯಮಾಡಿದವಳು ಅಕ್ಕ ಆನ್ರಿಯೆತ್. ೧೮೬೨ರಲ್ಲಿ ತಮ್ಮ ಪ್ರಾರಂಭೋಪನ್ಯಾಸದಲ್ಲಿ ಯೇಸುವನ್ನು ಅಸಮಾನನಾದ ಮನುಷ್ಯನೆಂದು ಕರೆದುದಕ್ಕಾಗಿ ಸರ್ಕಾರವು ಅವರ ಪಾಠವನ್ನು ನಿಲ್ಲಿಸಿತು; ಆ ಪೀಠವು ಅವರಿಗೆ ಮರಳಿ ದೊರೆತುದು ೧೮೭೦ರಲ್ಲಿ. ನಂಬಿಕೆಯನ್ನು ಬಿಟ್ಟರೆ ತೆರಬೇಕಾದ ಬೆಲೆಯನ್ನು ಅವರು ತೆತ್ತವರು.

ಈ ರೆನಾನರು ೧೮೮೩ನೆಯ ಮಾರ್ಚಿ ೨೯ರಂದು ಸೊರ್ಬೋನ್ ವಿದ್ಯಾಪೀಠದಲ್ಲಿ 'ಇಸ್ಲಾಮು ಮತ್ತು ವಿಜ್ಞಾನ' ಎಂಬ ಉಪನ್ಯಾಸವನ್ನು ಮಾಡಿದರು. ಇಸ್ಲಾಮು ವಿಜ್ಞಾನದ ಕತ್ತನ್ನು ಹಿಸುಕಿತು. ಅರಬರ ವಿಜ್ಞಾನವೆಂದು ಹೊಗಳಲ್ಪಡುವುದು ಅರಬರದಲ್ಲ, ಪಾರಸೀಕರು, ಕ್ರೈಸ್ತರು ಮೊದಲಾದವರದು ಎಂಬುದು ಅದರ ಸಾರಾಂಶವು. ಅದರಲ್ಲಿ ವಿದ್ಯೆಯಿದ್ದಂತೆಯೇ ಜನಾಂಗಗಳನ್ನು ಮೇಲು ಕೀಳೆಂದು ಎಣಿಸುವ ತಿರಸ್ಕಾರವೂ ಇದ್ದಿತು.

ಇದಕ್ಕೆ ಉತ್ತರಕೊಟ್ಟವರು ಅದೇ ವರ್ಷ ಪ್ಯಾರಿಸಿಗೆ ಬಂದಿದ್ದ ಜಮಾಲುದ್ದೀನ್ ಅಫ್ಘಾನಿಯವರು. ೧೮೭೯ರಲ್ಲಿ ಈಜಿಪ್ಟಿನಿಂದ ಹೊರದೂಡಲ್ಪಟ್ಟು ಇವರು ಕೆಲವು ಕಾಲ ಹೈದರಾಬಾದಿನಲ್ಲಿದ್ದರು. ನಮ್ಮ ಕಲಬುರ್ಗಿ, ರಾಯಚೂರು, ಬೀದರ ಸೀಮೆಗಳು ಆಗ ಆ ನಿಜಾಮ ಸಂಸ್ಥಾನಕ್ಕೇ ಸೇರಿದ್ದವು. ಅಲ್ಲಿರುವಾಗ ಪ್ರಕೃತಿವಾದಿಗಳನ್ನು ಖಂಡಿಸಿ, ಧರ್ಮವು ಹೋದರೆ ಸಮಾಜವೇ ಕುಸಿಯುವುದೆಂದು ಪಾರಸೀ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದಿದ್ದರು. ಅಂಥವರು ರೆನಾನರನ್ನು ನಿಂದಿಸಿ ಬರೆಯುವರೆಂದು ಯಾರಾದರೂ ಊಹಿಸಬಹುದಾಗಿತ್ತು. ಮೇ ೧೮ರಂದು ಪ್ಯಾರಿಸಿನ ದೊಡ್ಡ ದಿನಪತ್ರಿಕೆಯಲ್ಲಿ ಪ್ರಕಟವಾದ ಅವರ ಪತ್ರವು ಬೇರೆ ರೀತಿಯದಾಗಿತ್ತು. ಮುಸಲ್ಮಾನ ಧರ್ಮವು ವಿಜ್ಞಾನವನ್ನು ತಡೆಯಲು ಯತ್ನಿಸಿತೆಂಬುದನ್ನು ಅವರು ಒಪ್ಪಿಕೊಂಡರು. ಆದರೆ ಎಲ್ಲ ಧರ್ಮಗಳೂ ತಮ್ಮ ಕಾಲದಲ್ಲಿ ಹಾಗೆ ಮಾಡಿದವು, ಕ್ರೈಸ್ತಧರ್ಮವೂ ಅದಕ್ಕೆ ಹೊರತಲ್ಲ, ಇಸ್ಲಾಮು ಅದಕ್ಕಿಂತ ಹಲವು ಶತಮಾನ ಕಿರಿಯದು, ಆದುದರಿಂದ ಮುಸಲ್ಮಾನ ಸಮಾಜವೂ ಒಂದು ದಿನ ಆ ಬಂಧನಗಳನ್ನು ಕಳಚಿಕೊಳ್ಳುವುದೆಂಬ ಆಸೆಯನ್ನು ತಾವು ಬಿಡಲಾರೆವೆಂದು ಬರೆದರು. ಅರಬರನ್ನು ಹೀನಾಯಗೊಳಿಸಿದುದನ್ನು ಮಾತ್ರ ಅವರು ಒಪ್ಪಲಿಲ್ಲ. ಗ್ರೀಕರ ವಿದ್ಯೆಯನ್ನು ಎತ್ತಿಕೊಂಡು ಬೆಳೆಸಿ ಯುರೋಪಿಗೆ ಮುಟ್ಟಿಸಿದವರು ಅರಬರೇ ಎಂದು ಪಟ್ಟುಹಿಡಿದರು.

ರೆನಾನರ ಪ್ರತ್ಯುತ್ತರವು ಮಾರನೆಯ ದಿನವೇ ಹೊರಟಿತು. ಎರಡು ತಿಂಗಳ ಹಿಂದೆ ಅಫ್ಘಾನಿಯವರ ಪರಿಚಯವಾಯಿತೆಂದೂ, ಅವರೊಡನೆ ನಡೆದ ಸಂಭಾಷಣೆಯೇ ತಮ್ಮ ಉಪನ್ಯಾಸಕ್ಕೆ ಪ್ರೇರಣೆಯೆಂದೂ, ಅವರ ಎದುರಿಗೆ ಕುಳಿತಾಗ ಇಬ್ನ್ ಸೀನಾ, ಇಬ್ನ್ ರುಶ್ದ್ ಮೊದಲಾದ ಪೂರ್ವಕಾಲದ ತತ್ತ್ವಜ್ಞರನ್ನೇ ಕಂಡಂತಾಯಿತೆಂದೂ ಅದರಲ್ಲಿ ಬರೆದರು. ತಾವು ಇಸ್ಲಾಮಿನ ತಪ್ಪನ್ನು ಹೇಳುವಾಗ ಕ್ರೈಸ್ತಧರ್ಮದ ತಪ್ಪನ್ನು ಸಾಲದಷ್ಟು ಹೇಳಿದೆವು, ಗೆಲಿಲಿಯೋನನ್ನು ಅವನ ಧರ್ಮಾಧಿಕಾರಿಗಳು ನಡೆಸಿಕೊಂಡ ರೀತಿಯು ಇಬ್ನ್ ರುಶ್ದನನ್ನು ಅವನ ಜನರು ನಡೆಸಿಕೊಂಡುದಕ್ಕಿಂತ ಮೇಲಾದುದಾಗಿರಲಿಲ್ಲ ಎಂದೂ ಒಪ್ಪಿಕೊಂಡರು. ಜನಾಂಗಗಳ ವಿಷಯದಲ್ಲಿ ಅವರ ಹಟವು ಕರಗಲಿಲ್ಲವೆಂಬುದನ್ನೂ ನಾವು ಮರೆಮಾಡಬಾರದು. ಆದರೂ ಇಷ್ಟು ಪ್ರಖ್ಯಾತನಾದ ಪಂಡಿತನು ಪರದೇಶದಿಂದ ಬಂದ ನಿರ್ವಾಸಿತನೊಬ್ಬನ ಮಾತಿಗೆ ಬಹಿರಂಗವಾಗಿ ತನ್ನ ತಕ್ಕಡಿಯನ್ನು ಸರಿಪಡಿಸಿಕೊಂಡುದು ಸಣ್ಣ ಸಂಗತಿಯಲ್ಲ.

ಈ ಸಂಭಾಷಣೆಗೆ ಒಂದು ಕೊರತೆಯಿದ್ದಿತು. ಅದು ನಡೆದುದು ಫ್ರೆಂಚ್ ಭಾಷೆಯಲ್ಲಿ. ಅಫ್ಘಾನಿಯವರ ಶಿಷ್ಯರಾದ ಮುಹಮ್ಮದ್ ಅಬ್ದುಹು ಅವರು ಆಗ ಬೇರೂತಿನಲ್ಲಿದ್ದರು. ಗುರುಗಳ ಪತ್ರವನ್ನು ನೋಡಿದ ಮೇಲೆ, ಅದು ಅರಬ್ಬಿಗೆ ಅನುವಾದವಾಗದಂತೆ ಅವರು ತಡೆದರು. ಗುರುಗಳಿಗೆ ಅಪವಾದ ಬಂದೀತೆಂಬ ಭಯವು ಸಹಜವಾದುದೇ. ಆದರೆ ಯಾರ ಧರ್ಮದ ವಿಷಯವಾಗಿ ಇಬ್ಬರು ಮೇಧಾವಿಗಳು ಇಷ್ಟು ಬಿಚ್ಚುಮನಸ್ಸಿನಿಂದ ಮಾತನಾಡಿದರೋ ಆ ಜನರ ಕಿವಿಗೆ ಆ ಮಾತು ಬೀಳಲಿಲ್ಲ. ಹೈದರಾಬಾದಿನ ಗ್ರಂಥದ ಅಫ್ಘಾನಿಯವರು ನಿಜವೋ, ಪ್ಯಾರಿಸಿನ ಪತ್ರದ ಅಫ್ಘಾನಿಯವರು ನಿಜವೋ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಪಂಡಿತರೊಡನೆ ಒಂದು ಮಾತು, ಜನರೊಡನೆ ಇನ್ನೊಂದು ಮಾತು ಎಂಬ ನಡತೆಯಿಂದ ಬರುವ ತೊಡಕು ಇದೇ.

ಆ ಅಬ್ದುಹು ಅವರೇ ಮೂರನೆಯ ಪ್ರಸಂಗದಲ್ಲಿ ವಾದಿಯಾಗಿ ಬರುತ್ತಾರೆ. ಅಷ್ಟರಲ್ಲಿ ಅವರು ಈಜಿಪ್ಟಿನ ಪ್ರಧಾನ ಧರ್ಮಾಧಿಕಾರಿಗಳಾಗಿದ್ದರು. ಸಿರಿಯಾ ಸೀಮೆಯಿಂದ ಬಂದು ನೆಲಸಿದ್ದ ಫರಹ್ ಅಂತೂನ್ ಎಂಬ ಕ್ರೈಸ್ತ ಮನೆತನದ ತರುಣ ಸಂಪಾದಕರು ತಮ್ಮ 'ಅಲ್-ಜಾಮಿಆ' ಎಂಬ ಪತ್ರಿಕೆಯಲ್ಲಿ ೧೯೦೨ರಲ್ಲಿ ಇಬ್ನ್ ರುಶ್ದನನ್ನು ಕುರಿತು, ರೆನಾನರ ಗ್ರಂಥವನ್ನು ಆಧರಿಸಿ, ಬರೆದರು. ರಾಜ್ಯಾಧಿಕಾರವೂ ಧರ್ಮಾಧಿಕಾರವೂ ಬೇರೆ ಬೇರೆಯಾದಲ್ಲಿ ಮಾತ್ರ ವಿಚಾರಸ್ವಾತಂತ್ರ್ಯವು ಬದುಕುವುದೆಂಬುದು ಅವರ ಮತವು. ಅಬ್ದುಹು ಅವರು 'ಅಲ್-ಮನಾರ್' ಎಂಬ ಪತ್ರಿಕೆಯಲ್ಲಿ ಉತ್ತರ ಬರೆದು, ಶಾಸ್ತ್ರವಚನದ ಮೇಲ್ನೋಟದ ಅರ್ಥಕ್ಕೂ ಬುದ್ಧಿಗೂ ವಿರೋಧ ಬಂದರೆ ಬುದ್ಧಿಯನ್ನೇ ಹಿಡಿಯಬೇಕೆಂಬುದು ಇಸ್ಲಾಮಿನ ಮೂಲಸೂತ್ರಗಳಲ್ಲಿ ಒಂದೆಂದು ಪ್ರತಿಪಾದಿಸಿದರು. ಈ ಸಲ ಮಾತು ಅರಬ್ಬಿಯಲ್ಲಿಯೇ ನಡೆಯಿತು. ಮಾಸಪತ್ರಿಕೆಯನ್ನು ತರಿಸುವ ಗೃಹಸ್ಥನು ಮನೆಯಲ್ಲಿ ಕುಳಿತು ಎರಡು ಪಕ್ಷಗಳನ್ನೂ ಓದಬಹುದಾಯಿತು. 'ಅಲ್-ಮನಾರ್' ಪತ್ರಿಕೆಯ ಸಂಪಾದಕರಾದ ರಶೀದ್ ರಿದಾ ಅವರಿಗೂ ಅಂತೂನರಿಗೂ ಇದ್ದ ಸ್ನೇಹಕ್ಕೆ ಈ ವಾದದಲ್ಲಿ ಬಿರುಕುಬಿದ್ದಿತೆಂಬುದು ದುಃಖದ ಸಂಗತಿಯು. ಆದರೆ ೧೯೦೩ರಲ್ಲಿ ಅಂತೂನರು ಇಬ್ನ್ ರುಶ್ದನ ವಿಷಯವಾದ ತಮ್ಮ ಪುಸ್ತಕವನ್ನು ಹೊರಡಿಸಿದಾಗ, ಅಬ್ದುಹು ಅವರ ಉತ್ತರಗಳನ್ನೂ ಅದರೊಳಗೆ ಸೇರಿಸಿಯೇ ಅಚ್ಚುಮಾಡಿಸಿದರು. ರೈ ಪಟ್ಟಣದಲ್ಲಿ ನಂಬಿದವನು ಮಾಡಿದ ಉಪಕಾರವನ್ನು ಇಲ್ಲಿ ವಿಚಾರವಾದಿಯು ತೀರಿಸಿದಂತಾಯಿತು.

ಕೊನೆಯ ಪ್ರಸಂಗವು ಒಂದು ಮನೆಯಲ್ಲಿ ಹುಟ್ಟಿದುದು. ೧೯೩೭ರಲ್ಲಿ ಅಲೆಕ್ಸಾಂಡ್ರಿಯಾ ನಗರದ ಇಸ್ಮಾಯಿಲ್ ಅದ್ಹಮ್ ಎಂಬ ಇಪ್ಪತ್ತಾರು ವರ್ಷದ ತರುಣನು 'ನಾನೇಕೆ ನಾಸ್ತಿಕನು' ಎಂಬ ಲೇಖನವನ್ನು ಪ್ರಕಟಿಸಿದನು. ತನ್ನ ವಿದ್ಯಾಪದವಿಗಳ ವಿಷಯವಾಗಿ ಅವನು ಹೇಳಿಕೊಂಡುದನ್ನೆಲ್ಲ ಪಂಡಿತರು ಒಪ್ಪುವುದಿಲ್ಲ. ಬಾಲ್ಯವನ್ನು ಕುರಿತ ಅವನ ಮಾತನ್ನು ಅವನ ಮಾತೆಂದೇ ಹೇಳುತ್ತೇವೆ. ತಂದೆಯು ಕಟ್ಟುನಿಟ್ಟಾದ ಮುಸಲ್ಮಾನನು. ತಾಯಿಯು ಚಿಕ್ಕಂದಿನಲ್ಲಿಯೇ ತೀರಿಕೊಂಡಳು. ಸೋದರಿಯರು ಕ್ರೈಸ್ತಧರ್ಮವನ್ನು ಹೇಳಿಕೊಡುತ್ತಿದ್ದರು. ಹುಡುಗನು ಡಾರ್ವಿನನ ಗ್ರಂಥಗಳನ್ನು ಓದಿದನು. ಪ್ರಾರ್ಥನೆಗೂ ಉಪವಾಸಕ್ಕೂ ಬಲವಂತಮಾಡಿದಾಗ, ತನಗೆ ನಂಬಿಕೆಯಿಲ್ಲವೆಂದು ತಂದೆಯ ಮುಂದೆ ಹೇಳಿಬಿಟ್ಟನು. ತಂದೆಯು ಅವನನ್ನು ದೂರದ ವಸತಿಶಾಲೆಗೆ ಕಳುಹಿಸಿಬಿಟ್ಟನು. ಅಲ್ಲಿಗೆ ಆ ಮನೆಯಲ್ಲಿ ಸಂಭಾಷಣೆಯು ಮುಗಿಯಿತು; ಹುಡುಗನ ತಲೆಯೊಳಗೆ ಅದು ಮುಗಿಯಲಿಲ್ಲ.

ಅವನ ಲೇಖನದ ಮುಖ್ಯ ವಾದವು ಜಗತ್ತೆಲ್ಲ ಆಕಸ್ಮಿಕದ ನಿಯಮಕ್ಕೆ ಒಳಪಟ್ಟಿದೆಯೆಂಬುದು. ಅಚ್ಚಿನ ಮೊಳೆಗಳನ್ನು ಕೊನೆಯಿಲ್ಲದ ಕಾಲ ಕಲಸುತ್ತಿದ್ದರೆ ಎಂದಾದರೊಮ್ಮೆ ಒಂದು ಗ್ರಂಥವೇ ಜೋಡಣೆಯಾದೀತೆಂಬ ದೃಷ್ಟಾಂತವನ್ನು ಅವನು ಕೊಟ್ಟನು. ಇದಕ್ಕೆ ಬಂದ ಉತ್ತರಗಳಲ್ಲಿ ಎರಡು ಸ್ಮರಣೀಯವಾದುವು. ಅಲ್-ಅಝ್ಹರ್ ವಿದ್ಯಾಪೀಠದ ಪತ್ರಿಕೆಯ ಸಂಪಾದಕರಾದ ಮುಹಮ್ಮದ್ ಫರೀದ್ ವಜ್ದಿಯವರು 'ಅವನೇಕೆ ನಾಸ್ತಿಕನು' ಎಂಬ ಖಂಡನೆಯನ್ನು ಬರೆದರು. ಅಹ್ಮದ್ ಝಕಿ ಅಬೂ ಶಾದಿಯವರು 'ನಾನೇಕೆ ಆಸ್ತಿಕನು' ಎಂದು ಬರೆದರು. ಈ ಅಬೂ ಶಾದಿಯವರು ವೈದ್ಯರು, ಸೂಕ್ಷ್ಮಜೀವಿಶಾಸ್ತ್ರವನ್ನು ಬಲ್ಲವರು, ಕವಿಗಳು, ಜೇನುಸಾಕಣೆಯಲ್ಲಿ ಪ್ರಸಿದ್ಧರು. ಅವರ ಕಾವ್ಯವನ್ನು ವಿಮರ್ಶಿಸಿ ಅದ್ಹಮನು ಹಿಂದಿನ ವರ್ಷವೇ ಒಂದು ಪುಸ್ತಕವನ್ನು ಬರೆದಿದ್ದನು. ತನ್ನ ಕಾವ್ಯವನ್ನು ಮೆಚ್ಚಿದ ಕಿರಿಯನಿಗೆ ಹಿರಿಯನು ಕೊಟ್ಟ ಉತ್ತರವದು. ಆ ಎರಡು ಶೀರ್ಷಿಕೆಗಳಲ್ಲಿರುವ ಭೇದವನ್ನು ವಾಚಕರು ನೋಡಬೇಕು. ಒಂದು ಎದುರಾಳಿಯನ್ನು ಪರೀಕ್ಷಿಸಲು ಹೊರಟಿತು. ಇನ್ನೊಂದು ತನ್ನ ಎದೆಯನ್ನೇ ತೆರೆದು ತೋರಿಸಲು ಹೊರಟಿತು. ನಂಬದವನು ತನ್ನ ಕಾರಣವನ್ನು ಹೇಳಿದಾಗ, ನಂಬಿದವನೂ ತನ್ನ ಕಾರಣವನ್ನು ಹೇಳುವುದಕ್ಕಿಂತ ಸಭ್ಯವಾದ ಉತ್ತರವಿಲ್ಲವೆಂದು ನಮ್ಮ ಅಭಿಪ್ರಾಯವು.

ಅದ್ಹಮನ ಕಥೆಯು ಶುಭದಲ್ಲಿ ಮುಗಿಯಲಿಲ್ಲ. ೧೯೪೦ರ ಜುಲೈ ತಿಂಗಳಿನಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಅಲೆಕ್ಸಾಂಡ್ರಿಯಾದ ಸಮುದ್ರದಲ್ಲಿ ತಾನಾಗಿ ಪ್ರಾಣವನ್ನು ಬಿಟ್ಟನು. ನಾಸ್ತಿಕ್ಯದ ಫಲವಿದೆಂದು ಕೆಲವರು ಹೇಳಬಹುದು. ಸಮಾಜದ ಕ್ರೌರ್ಯದ ಫಲವೆಂದು ಬೇರೆ ಕೆಲವರು ಹೇಳಬಹುದು. ಒಬ್ಬ ತರುಣನ ಸಾವನ್ನು ತಮ್ಮ ವಾದಕ್ಕೆ ಸಾಕ್ಷಿಯಾಗಿ ಕರೆಯುವುದು ಯಾವ ಪಕ್ಷಕ್ಕೂ ಶೋಭಿಸದು. ನಾವು ಹಾಗೆ ಮಾಡಲಾರೆವು.

ಈ ನಾಲ್ಕು ಪ್ರಸಂಗಗಳಲ್ಲಿ ಯಾವುದರಲ್ಲಿಯೂ ಯಾರೂ ಯಾರನ್ನೂ ತಮ್ಮ ಮತಕ್ಕೆ ಒಲಿಸಿಕೊಳ್ಳಲಿಲ್ಲ. ಆದರೂ ಅವು ವ್ಯರ್ಥವಾಗಲಿಲ್ಲ. ವೈದ್ಯನ ಮಾತು ಉಳಿಯಿತು. ರೆನಾನರ ತಕ್ಕಡಿಯು ಸ್ವಲ್ಪ ಸಮನಾಯಿತು. ಧರ್ಮಾಧಿಕಾರಿಯ ಉತ್ತರವು ಪ್ರತಿವಾದಿಯ ಪುಸ್ತಕದೊಳಗೇ ಆಶ್ರಯ ಪಡೆಯಿತು. ಎಲ್ಲೆಲ್ಲಿ ಎದುರಾಳಿಯ ಮಾತನ್ನು ಪೂರ್ಣವಾಗಿ ಕೇಳಿದರೋ, ಪೂರ್ಣವಾಗಿ ಬರೆದಿಟ್ಟರೋ ಅಲ್ಲೆಲ್ಲ ಲೋಕಕ್ಕೆ ಏನೋ ಒಂದು ಲಾಭವಾಯಿತು. ಎಲ್ಲೆಲ್ಲಿ ಮಾತನ್ನು ಮುಚ್ಚಿಟ್ಟರೋ, ಮಾತನಾಡಿದವನನ್ನೇ ದೂರಕ್ಕೆ ಕಳುಹಿಸಿದರೋ ಅಲ್ಲೆಲ್ಲ ನಷ್ಟವಾಯಿತು.

ಗೃಹಸ್ಥರಾದ ನಮ್ಮ ವಾಚಕರಿಗೆ ಪಂಡಿತಸಭೆಗಳು ಬೇಕಾಗಿಲ್ಲ. ಆದರೆ ಓದಿ ಬಂದ ಮಗನು ಒಂದು ಸಂಜೆ "ಅಪ್ಪಾ, ನನಗೆ ನಂಬಿಕೆ ಬರುವುದಿಲ್ಲ" ಎಂದಾನು. ನಂಬಿಕೆಯಿಲ್ಲದ ಮನೆಯಲ್ಲಿ ಬೆಳೆದ ಮಗಳು "ಅಪ್ಪಾ, ನನಗೆ ಪ್ರಾರ್ಥನೆ ಬೇಕೆನಿಸುತ್ತದೆ" ಎಂದಾಳು. ಎರಡೂ ಮಾತುಗಳಿಗೆ ಸಮನಾದ ಧೈರ್ಯವು ಬೇಕು. ಆ ಸಂಜೆ ಉತ್ತರವು ತೋಚದಿದ್ದರೆ ಚಿಂತೆಯಿಲ್ಲ; ಏಕೆಂದು ಕೇಳಿ, ಹೇಳುವುದನ್ನು ಕೊನೆಯವರೆಗೆ ಕೇಳಿದರೆ ಸಾಕು. ಉತ್ತರವನ್ನು ನಾಳೆ ಹುಡುಕಬಹುದು. ಬಡಿಸಿದ ಎಲೆಯನ್ನು ಮಾತ್ರ ಯಾರ ಮುಂದಿನಿಂದಲೂ ಎತ್ತಬಾರದು.